ಎರಡು ಸಲ ನಿಂತ ತೂಕ

ಅವರು ಮೊದಲ ಸಲ ನನ್ನ ಹತ್ತಿರ ಬಂದಾಗ ಕೈಯಲ್ಲಿ ಅಡಿಕೆ ಲೆಕ್ಕದ ಪುಸ್ತಕ ಇತ್ತು. ಉದ್ದನೆಯದು, ಕೆಂಪು ಬಟ್ಟೆಯ ಬೈಂಡಿನದು. ಮುಂದಿನಿಂದ ತೆರೆದರೆ ಮೂಟೆ, ಕೇಜಿ, ದರ. ಹಿಂದಿನಿಂದ ತೆರೆದರೆ ಅವರ ತೂಕ. ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ ಬರೆದಿದ್ದರು. ಮನೆಯಲ್ಲಿ ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದೆಯಂತೆ, ಅದರ ಮೇಲೇ ಹತ್ತಿ ನಿಲ್ಲುತ್ತಾರೆ. ಆ ಕಡೆಯ ಮೊದಲ ಪುಟದಲ್ಲಿ ದೊಡ್ಡದಾಗಿ 60 ಅಂತ ಬರೆದು ಸುತ್ತ ಗೆರೆ ಎಳೆದಿದ್ದರು.

"ಮೇಡಂ, ಆಪರೇಷನ್ ಕೆಲಸ ಮಾಡ್ತಾ ಇಲ್ಲ" ಅಂದರು. ಆಪರೇಷನ್ ಆಗಿ ಇನ್ನೂ ಐದು ವಾರ ಆಗಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಆಹಾರ ಸಲಹೆಗಾರ್ತಿ. ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್, ಮಾಡಿಸಿಕೊಂಡವರು ನನ್ನ ಹತ್ತಿರ ಬರುವುದು ಕಮ್ಮಿ. ಹೆಚ್ಚಿನವರು ಆಪರೇಷನ್ ಮಾಡಿದ ಊರಿಗೇ ಹೋಗುತ್ತಾರೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಇವರು ಸಾಗರದ ಕಡೆಯವರು. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವುದಕ್ಕಿಂತ ಎಪ್ಪತ್ತು ಕಿಲೋಮೀಟರ್ ಶಿವಮೊಗ್ಗ ವಾಸಿ ಅಂತ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ ಆಗ 44 ವರ್ಷ. ಎತ್ತರ 158 ಸೆಂಟಿಮೀಟರ್, ಆಪರೇಷನ್‌ಗೆ ಮೊದಲು ತೂಕ 112 ಕೇಜಿ, ಬಿಎಂಐ (ಎತ್ತರಕ್ಕೆ ಎಷ್ಟು ತೂಕ ಅನ್ನುವ ಅಳತೆ) ಹತ್ತಿರ ಹತ್ತಿರ 45. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ, ಮಂಡಿನೋವು, ಥೈರಾಯ್ಡ್ ಮಾತ್ರೆ. ಮೊಟ್ಟೆ ಕೂಡ ತಿನ್ನದ ಮನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಆಯಿತು. ಇದರಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿದ ಆ ಭಾಗದಲ್ಲೇ. ಹಾಗಾಗಿ ಜಾಗವೂ ಕಮ್ಮಿ, ಹಸಿವೂ ಕಮ್ಮಿ.

ಮೊದಲ ಮೂರು ವಾರದಲ್ಲಿ ತೂಕ 101ಕ್ಕೆ ಇಳಿಯಿತು. ಆಮೇಲೆ ನಿಂತಿತು. ಪುಸ್ತಕದಲ್ಲಿ ಹನ್ನೆರಡು ದಿನ 101, 100.9, 101.2, 101. ಹೆದರಿ ಪ್ರೋಟೀನ್ ಪುಡಿ ಬಿಟ್ಟಿದ್ದರು. "ಅದರಿಂದಲೇ ತೂಕ ಇಳೀತಿಲ್ವೇನೋ ಅಂತ."

ಇದು ತೂಕ ನಿಲ್ಲುವ ಮೊದಲ ಬಗೆ. ಆಪರೇಷನ್ ಆದ ಮೂರರಿಂದ ಆರು ವಾರದ ನಡುವೆ ತುಂಬಾ ಜನರಿಗೆ ಆಗುತ್ತದೆ. ಹೇಗೆಂದರೆ, ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಊಟ ಏಕ್‌ದಂ ಕಮ್ಮಿಯಾದಾಗ ದೇಹ ಮೊದಲು ಈ ದಾಸ್ತಾನನ್ನು ಖಾಲಿ ಮಾಡುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಮೊದಲ ವಾರಗಳ ಭರ್ಜರಿ ಇಳಿಕೆಯಲ್ಲಿ ಈ ನೀರಿನದೂ ದೊಡ್ಡ ಪಾಲು. ಆಮೇಲೆ ದೇಹ ನೀರನ್ನು ಸ್ವಲ್ಪ ವಾಪಸು ಹಿಡಿದುಕೊಳ್ಳುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಕಾಟಾಕ್ಕೆ ಮಾತ್ರ ಅದು ಕಾಣುವುದಿಲ್ಲ.

"ರವಿಕೆ ಹೇಗಿದೆ ಅಕ್ಕ?" ಅಂತ ಕೇಳಿದೆ. ಹೋದ ವಾರವಷ್ಟೇ ಎರಡನೇ ಸಲ ಟೈಲರ್ ಹತ್ತಿರ ಒಳಗೆ ಹಿಡಿಸಿದ್ದರಂತೆ. ತೂಕ ನಿಂತ ಅದೇ ಹನ್ನೆರಡು ದಿನದಲ್ಲಿ! ಪುಡಿ ಮತ್ತೆ ಶುರು ಮಾಡಿ, ವಾರಕ್ಕೆ ಒಂದೇ ಸಲ, ಬೆಳಿಗ್ಗೆ ಎದ್ದ ಮೇಲೆ ಮಾತ್ರ ತೂಕ ನೋಡಿ ಅಂತ ಹೇಳಿ ಕಳಿಸಿದೆ. ಹತ್ತು ದಿನಕ್ಕೆ ಒಂದೂವರೆ ಕೇಜಿ ಇಳಿಯಿತು. ಜೂನ್‌ಗೆ 93, ಸೆಪ್ಟೆಂಬರ್‌ಗೆ 84. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.1 ಇದ್ದದ್ದು ಆರು ತಿಂಗಳಿಗೆ 5.7 ಆಯಿತು. ಡಾಕ್ಟರು ಸಕ್ಕರೆ ಮಾತ್ರೆ ಒಂದೊಂದೇ ನಿಲ್ಲಿಸಿದರು.

ಏನೂ ಮಾಡದೆ ಕಾದರೆ ಸರಿಹೋಗುತ್ತದೆ ಎಂಬ ನನ್ನ ಮಾತು ನಿಜವಾಯಿತಲ್ಲ, ಮುಂದೆ ಅದೇ ನಮ್ಮಿಬ್ಬರಿಗೂ ಮುಳುವಾಯಿತು.

ನವೆಂಬರ್ ಮೊದಲ ವಾರದಲ್ಲಿ 81 ಮುಟ್ಟಿತು. ಅಲ್ಲೇ ನಿಂತಿತು. ಅಕ್ಕ ಈ ಸಲ ಹೆದರಲಿಲ್ಲ, ಹೋದ ಸಲದ ಹಾಗೇ ತಾನಾಗಿ ಇಳಿಯುತ್ತದೆ ಅಂತ ಸುಮ್ನಿದ್ದರು. ಒಂದು ಸಲ ಫೋನ್ ಮಾಡಿದ್ದರು. ನಾನೂ "ಕಾಯಿರಿ ಅಕ್ಕ, ಇಳಿಯುತ್ತೆ" ಅಂದುಬಿಟ್ಟೆ. ಎಂಟನೇ ತಿಂಗಳ ನಿಲುಗಡೆಗೂ ಐದನೇ ವಾರದ ನಿಲುಗಡೆಗೂ ಸಂಬಂಧವೇ ಇಲ್ಲ. ಅದು ನನಗೆ ಗೊತ್ತಿತ್ತು. ಆದರೂ ಬಸ್ಸಿಗೆ ಓಡುತ್ತಾ ಫೋನ್ ಎತ್ತಿದರೆ ಬಾಯಿಗೆ ಬರುವುದು ಅಂಥ ಮಾತೇ.

ಡಿಸೆಂಬರ್ ಕೊನೆಗೆ ಬಂದಾಗ ಏಳು ವಾರ ಕಳೆದಿತ್ತು. 81.4. ಕಣ್ಣಿನ ಕೆಳಗೆ ಕಪ್ಪು. ಜಡೆ ಸಣ್ಣ ಹಗ್ಗದಷ್ಟಾಗಿತ್ತು. ಮೂರು ತಿಂಗಳಿನಿಂದ ಆರು ತಿಂಗಳವರೆಗೆ ಕೂದಲು ಉದುರುವುದು ಮಾಮೂಲು, ಆದರೆ ಹತ್ತನೇ ತಿಂಗಳಲ್ಲೂ ನಿಂತಿರಲಿಲ್ಲ.

ಹಿಂದಿನ ದಿನ ಏನೇನು ತಿಂದಿರಿ ಅಂತ ಕೇಳಿ ಬರೆದುಕೊಂಡೆ. ಬೆಳಿಗ್ಗೆ ಅರ್ಧ ಅಕ್ಕಿ ರೊಟ್ಟಿ, ಚೂರು ಬೆಣ್ಣೆ. ಹನ್ನೊಂದಕ್ಕೆ ಮಜ್ಜಿಗೆ. ಮಧ್ಯಾಹ್ನ ಅರ್ಧ ಬಟ್ಟಲು ಅನ್ನ, ತಂಬುಳಿ, ಪಲ್ಯ. ರಾತ್ರಿ ಒಂದು ಬಟ್ಟಲು ಗಂಜಿ, ತುಪ್ಪ, ಮಿಡಿ ಉಪ್ಪಿನಕಾಯಿ. ಹೆಚ್ಚೆಂದರೆ 950 ಕ್ಯಾಲೊರಿ. ಪ್ರೋಟೀನ್ ಮಾತ್ರ 34 ಗ್ರಾಂ. ದಿನಕ್ಕೆ 60ರಿಂದ 80 ಬೇಕು.

ಆ 34ನ್ನು ನೋಡಿ ನಾನು ಎಚ್ಚರವಾಗಬೇಕಿತ್ತು. ಅದು ಬಿಟ್ಟು ರೊಟ್ಟಿ ಕಾಲು ಭಾಗ ಮಾಡಿ, ರಾತ್ರಿ ತುಪ್ಪ ಬಿಡಿ ಅಂದೆ. ತಿನ್ನುವುದೇ ಇಷ್ಟು, ಅದರಲ್ಲೂ ಕಡಿತ! ತೂಕ ನಿಂತ ಕೂಡಲೇ ಊಟಕ್ಕೆ ಕತ್ತರಿ ಹಾಕುವುದು ನಮ್ಮ ವೃತ್ತಿಯವರ ಕೆಟ್ಟ ಚಟ. ಎರಡು ವಾರ ಬಿಟ್ಟು ಬಂದಾಗ 81.6. ಬಸ್‌ಸ್ಟ್ಯಾಂಡಿನಿಂದ ನನ್ನ ಕ್ಲಿನಿಕ್‌ವರೆಗೆ ನಡೆಯುವಾಗ ಎರಡು ಕಡೆ ಕೂತು ಸುಧಾರಿಸಿಕೊಂಡರಂತೆ.

ಅವತ್ತೇ ರಕ್ತ ಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ 9.6. ಫೆರಿಟಿನ್ 7, ಅಂದರೆ ಕಬ್ಬಿಣದ ಉಗ್ರಾಣ ಖಾಲಿ. ಥೈರಾಯ್ಡ್ ಸಾಲದಿದ್ದಾಗ ಏರುವ ಟಿಎಸ್‌ಎಚ್ 11, ಥೈರಾಯ್ಡ್ ಮಾತ್ರೆ ತಿನ್ನುತ್ತಿದ್ದರೂ. ಎಚ್‌ಬಿಎ1ಸಿ 5.7ರಿಂದ 6.3ಕ್ಕೆ ಏರಿತ್ತು.

ಟಿಎಸ್‌ಎಚ್‌ನ ಗುಟ್ಟು ಅಲ್ಲೇ ಬಯಲಾಯಿತು. "ಮಾತ್ರೆ ಹೇಗೆ ತಗೊಳ್ತೀರಿ, ತೋರಿಸಿ" ಅಂದೆ. ಬ್ಯಾಗಿನಿಂದ ಒಂದು ಕುಂಕುಮದ ಭರಣಿ ತೆಗೆದರು. ಮರುದಿನದ ಮಾತ್ರೆಗಳನ್ನೆಲ್ಲ ರಾತ್ರಿಯೇ ಅದರಲ್ಲಿ ಹಾಕಿಡುತ್ತಾರೆ. ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್, ನಾಲ್ಕೂ. ಬೆಳಿಗ್ಗೆ ಎದ್ದವರೇ ಒಟ್ಟಿಗೆ ನುಂಗಿ ಮೇಲೊಂದು ಕಾಫಿ. ಮರೆಯುವುದೇ ಇಲ್ಲ ಅಂತ ಅವರಿಗೆ ಹೆಮ್ಮೆ. ಆದರೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೀರಲು ಬಿಡುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಕಬ್ಬಿಣಕ್ಕೂ ಅಡ್ಡ. ಕಾಫಿ ಥೈರಾಯ್ಡ್ ಮಾತ್ರೆ, ಕಬ್ಬಿಣ ಎರಡಕ್ಕೂ ಅಡ್ಡ. ಒಂದು ದಿನವೂ ತಪ್ಪಿಸದೆ ತಿಂದ ಮಾತ್ರೆ ಮೈಗೆ ಹತ್ತಲೇ ಇಲ್ಲ.

ಆದರೆ ಇಷ್ಟಕ್ಕೇ ಹತ್ತು ವಾರ ತೂಕ ನಿಲ್ಲುವುದಿಲ್ಲ. ಥೈರಾಯ್ಡ್‌ನ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. ನನ್ನ ತಲೆಯಲ್ಲಿ ಉಳಿದದ್ದು ಆ 6.3. ರಕ್ತದಲ್ಲಿ ಕಬ್ಬಿಣ ಕಮ್ಮಿಯಿದ್ದರೆ ಎಚ್‌ಬಿಎ1ಸಿ ಸುಳ್ಳುಸುಳ್ಳೇ ಸ್ವಲ್ಪ ಜಾಸ್ತಿ ತೋರಿಸುವುದುಂಟು. ಅದನ್ನು ಲೆಕ್ಕಕ್ಕೆ ಹಿಡಿದರೂ, 950 ಕ್ಯಾಲೊರಿ ತಿನ್ನುವವರಿಗೆ ಸಕ್ಕರೆ ಏರುವುದು ಅಂದರೇನು? ಎಲ್ಲಿಂದಲೋ ಸಿಹಿ ಹೋಗುತ್ತಿದೆ. ಅಕ್ಕ ಸುಳ್ಳು ಹೇಳುವವರಲ್ಲ. ಪುಸ್ತಕದಲ್ಲಿ ನೂರು ಗ್ರಾಂ ಏರಿದ್ದನ್ನೂ ಬರೆಯುವವರು.

ಇಷ್ಟರಲ್ಲಿ ಬೆಂಗಳೂರಿನಲ್ಲಿರುವ ಅಕ್ಕನ ತಮ್ಮ ಫೋನ್ ಮಾಡಿ, ಹೊಟ್ಟೆ ಮತ್ತೆ ಹಿಗ್ಗಿದೆ, ಇನ್ನೊಂದು ಆಪರೇಷನ್ ಮಾಡಿಸಬೇಕು ಅಂತ ಶುರು ಮಾಡಿದ್ದ. ಸ್ಲೀವ್ ವರ್ಷಗಳಲ್ಲಿ ಸ್ವಲ್ಪ ಹಿಗ್ಗುವುದು ನಿಜ. ಅದನ್ನು ನೋಡಲು ಎಂಡೋಸ್ಕೊಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಎಲ್ಲಾ ಇವೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಗಟ್ಟಿ ಪದಾರ್ಥ ಒಂದು ಸಲಕ್ಕೆ ಎಷ್ಟು ತಿನ್ನಲಾಗುತ್ತದೆ? ಅರ್ಧ ರೊಟ್ಟಿ, ನಾಲ್ಕು ಚಮಚ ಪಲ್ಯಕ್ಕೆ ಅಕ್ಕನಿಗೆ ಈಗಲೂ ಎದೆ ಬಿಗಿಯುತ್ತದೆ. ಹೊಟ್ಟೆ ಹಿಗ್ಗಿಲ್ಲ.

ಉತ್ತರ ಸಿಕ್ಕಿದ್ದು ಜನವರಿಯಲ್ಲಿ, ನಾನು ಹುಡುಕದೆ. ನಾನೂ ಆ ಕಡೆಯವಳೇ. ನಮ್ಮ ದೊಡ್ಡಮ್ಮನ ಮನೆಗೆ ಹೋದವಳು ಸಂಜೆ ಅಕ್ಕನ ಮನೆಗೂ ಹೋದೆ. ಅಡಿಕೆ ಗೊನೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಅಂಗಳದ ಚಪ್ಪರದ ಕೆಳಗೆ ಅಡಿಕೆ ರಾಶಿ, ಸುತ್ತ ಹತ್ತು ಹನ್ನೆರಡು ಜನ, ಎಲ್ಲರ ಮುಂದೆ ಮೆಟ್ಟುಗತ್ತಿ. ಸುಲಿಯುವ ಮಶೀನು ಬಂದಿದ್ದರೂ ಒಳ್ಳೆ ಮಾಲಿಗೆ ಈ ಮನೆಯಲ್ಲಿ ಕೈ ಸುಲಿತವೇ ಬೇಕು. ಅಕ್ಕ ನಡುವೆ ಕೂತಿದ್ದರು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ, ನವೆಂಬರ್‌ನಿಂದ ದಿನಾ ಹೀಗೇ. ನವೆಂಬರ್ ಅಂದ ಕೂಡಲೇ ನನಗೆ ಪುಸ್ತಕದ 81 ನೆನಪಾಯಿತು.

ಒಳಗಿಂದ ಕಷಾಯ ಬಂತು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದ ಪುಡಿಯದು. ಬೆಲ್ಲ ಹಾಕಿ ಕುದಿಸಿ, ಮನೆಯ ದಪ್ಪ ಹಾಲು ಬೆರೆಸಿದ್ದು. ಅಕ್ಕನಿಗೆ ಅರ್ಧ ಲೋಟ. ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟು ನಾಲ್ಕು ಅಡಿಕೆ ಸುಲಿಯುತ್ತಾರೆ, ಮತ್ತೆ ಒಂದು ಗುಟುಕು. ಮುಗಿದರೆ ಸೊಸೆ ಮತ್ತೆ ಅರ್ಧ ಬಗ್ಗಿಸುತ್ತಾಳೆ. ನಡುವೆ ಕರಿದ ಹಲಸಿನ ಹಪ್ಪಳದ ತಟ್ಟೆ ಬಂತು, ಆಮೇಲೆ ಹಚ್ಚವಲಕ್ಕಿ. ಅಕ್ಕ ಹಪ್ಪಳ ಮುರಿದು ಚೂರು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೈಗೆ ಅದರ ಅರಿವೇ ಇರಲಿಲ್ಲ. ನಾನು ಎಣಿಸುತ್ತಾ ಕೂತೆ. ನಾಲ್ಕು ಅರ್ಧ ಲೋಟ, ಎರಡು ಹಪ್ಪಳ, ಒಂದು ದೊಡ್ಡ ಹಿಡಿ ಅವಲಕ್ಕಿ.

"ಅಕ್ಕ, ಇದನ್ನ ನಂಗೆ ಹೇಳಲೇ ಇಲ್ಲವಲ್ಲ?"

"ಯಾವುದನ್ನ?"

"ಕಷಾಯ."

"ಅಯ್ಯೋ, ಕಷಾಯ ಊಟದ ಲೆಕ್ಕಕ್ಕೆ ಬರುತ್ತಾ ಮಾರಾಯ್ತಿ? ಅದು ಔಷಧಿ ಅಲ್ವಾ?"

ಸುತ್ತ ಕೂತವರೆಲ್ಲ ನಕ್ಕರು. ನನ್ನನ್ನು ನೋಡಿ. ಅವರ ಮಾತಿನಲ್ಲಿ ತಪ್ಪೇನಿದೆ? ನಾನು ಕೇಳಿದ್ದು ಊಟ ತಿಂಡಿ ಏನು ಮಾಡಿದಿರಿ ಅಂತ. ಮಲೆನಾಡಿನಲ್ಲಿ ಕಷಾಯ ಊಟವೂ ಅಲ್ಲ, ತಿಂಡಿಯೂ ಅಲ್ಲ. ಪ್ರಶ್ನೆಯೇ ತಪ್ಪು. ಈಗ ನಾನು ಹಾಗೆ ಕೇಳುವುದಿಲ್ಲ. ಆರು ಗಂಟೆಗೆ ಎಲ್ಲಿದ್ರಿ, ಕೈಯಲ್ಲಿ ಏನಿತ್ತು, ಪಕ್ಕದಲ್ಲಿ ಯಾರಿದ್ದರು ಅಂತ ಕೇಳುತ್ತೇನೆ.

ಲೆಕ್ಕ ಹಾಕಿದೆ. ಅರ್ಧ ಲೋಟ ಕಷಾಯಕ್ಕೆ ಎರಡು ಚಮಚ ಬೆಲ್ಲ, ಹಾಲು ಸೇರಿ 90 ಕ್ಯಾಲೊರಿ. ನಾಲ್ಕಕ್ಕೆ 360. ಹಪ್ಪಳ ಎರಡಕ್ಕೆ 120. ತೆಂಗಿನಕಾಯಿ, ಎಣ್ಣೆ ಬಿದ್ದ ಅವಲಕ್ಕಿಗೆ 130. ಒಟ್ಟು ಆರುನೂರು ಚಿಲ್ಲರೆ. ಅವರ ಊಟದ 950ಕ್ಕೆ ಇದನ್ನು ಸೇರಿಸಿದರೆ ಸಾವಿರದ ಐನೂರು ದಾಟುತ್ತದೆ.

ಇನ್ನೊಂದು ಕಡೆ ಖರ್ಚು ಇಳಿದಿತ್ತು. 112 ಕೇಜಿ ಇದ್ದಾಗ ಅವರ ದೇಹಕ್ಕೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,720 ಕ್ಯಾಲೊರಿ ಬೇಕಿತ್ತು. 81ಕ್ಕೆ ಬಂದಾಗ ಅದೇ ಸೂತ್ರದಲ್ಲಿ 1,410. ಚಿಕ್ಕ ಮನೆಗೆ ಕಮ್ಮಿ ಕರೆಂಟು ಸಾಕಲ್ಲ, ಹಾಗೆ. ಇಷ್ಟು ತೂಕ ಇಳಿದವರ ದೇಹ ಸೂತ್ರ ಹೇಳುವುದಕ್ಕಿಂತಲೂ ಒಂದಿಷ್ಟು ಕಮ್ಮಿಯಲ್ಲೇ ಸಂಸಾರ ತೂಗಿಸುತ್ತದೆ. ರಕ್ತಹೀನತೆಯಿಂದ ಓಡಾಟ ನಿಂತಿತ್ತು. ಪ್ರೋಟೀನ್ ಸಾಲದೆ ಸ್ನಾಯು ಸವೆದಿತ್ತು. ಜಮಾ, ಖರ್ಚು ಸರಿಸಮ.

ಅರ್ಧ ರೊಟ್ಟಿಗೆ ಎದೆ ಬಿಗಿಯುವವರಿಗೆ ಇಷ್ಟೆಲ್ಲ ಹೇಗೆ ಹಿಡಿಯುತ್ತದೆ? ಗಟ್ಟಿ ಪದಾರ್ಥ ಆ ಕೊಳವೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ, ಸಾಕು ಅನ್ನಿಸುತ್ತದೆ. ದ್ರವ ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಹಪ್ಪಳ ಕೈಯಲ್ಲಿ ಗಟ್ಟಿ, ಅಗಿದ ಮೇಲೆ ಅಂಬಲಿ. ಅದರ ಮೇಲೆ ಕಷಾಯ ಬಿದ್ದರೆ ತೊಳೆದುಕೊಂಡು ಹೋಗುತ್ತದೆ. ತಿನ್ನುವಾಗ ಕುಡಿಯಬೇಡಿ, ಮುಗಿದು ಅರ್ಧ ಗಂಟೆ ಬಿಡಿ ಅಂತ ಹೇಳುವುದು ಇದಕ್ಕೇ. ರಾತ್ರಿಯ ಗಂಜಿಯೂ ಈ ಜಾತಿಯದೇ. ಹೊಟ್ಟೆಯ ಬೈಪಾಸ್ ಆಪರೇಷನ್ (ತೂಕ ಇಳಿಸಲು ಮಾಡುವ ಇನ್ನೊಂದು ಬಗೆ, ಹೃದಯದ್ದಲ್ಲ) ಆದವರಿಗಾದರೆ ಇಷ್ಟು ಸಿಹಿಗೆ ಬೆವರು, ಎದೆ ಬಡಿತ ಬಂದು ದೇಹವೇ ಬೈಯುವುದುಂಟು. ಸ್ಲೀವ್‌ನಲ್ಲಿ ಆ ಬೈಗುಳ ಕಮ್ಮಿ.

ಕಷಾಯ ಬಿಡಿ ಅಂತ ನಾನು ಹೇಳಲಿಲ್ಲ. ನಾಲ್ಕು ಗಂಟೆ ಹನ್ನೆರಡು ಜನರ ನಡುವೆ ಬರಿಗೈಯಲ್ಲಿ ಕೂರುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಅಕ್ಕನಿಗೆ ಬೇರೆ ಪಾತ್ರೆ, ಬೆಲ್ಲ ಇಲ್ಲ, ಬಣ್ಣಕ್ಕಷ್ಟು ಹಾಲು. ಮೊದಲ ವಾರ ಮುಖ ಹುಳ್ಳಗೆ ಮಾಡಿಕೊಂಡು ಕುಡಿದರು. ಹಪ್ಪಳ ಬೇಕೇ ಬೇಕಾದರೆ ಕೆಂಡದಲ್ಲಿ ಸುಟ್ಟದ್ದು, ಒಂದು. ಸಂಜೆ ಐದೂವರೆಗೆ, ಸುಲಿಯಲು ಕೂರುವ ಮೊದಲು, ಒಂದು ಸಣ್ಣ ಬಟ್ಟಲು ಪನೀರ್ ಅಥವಾ ಹುರಿಗಡಲೆ. ಹೊಟ್ಟೆಯಲ್ಲಿ ಗಟ್ಟಿ ಇದ್ದರೆ ಕೈ ತಟ್ಟೆಗೆ ಹೋಗುವುದು ಕಮ್ಮಿ.

ಊಟ ಹೆಚ್ಚಿಸಿದೆ. ಇದಕ್ಕೆ ಅಕ್ಕ ಒಪ್ಪಲು ಅರ್ಧ ಗಂಟೆ ಬೇಕಾಯಿತು. ಬೆಳಿಗ್ಗೆ ರೊಟ್ಟಿ ಬದಲು ಹೆಸರುಕಾಳಿನ ದೋಸೆ, ಗಟ್ಟಿ ಮೊಸರು. ಮಧ್ಯಾಹ್ನ ಮೊದಲು ಸೋಯಾ ಅಥವಾ ಕಾಳಿನ ಪಲ್ಯ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಒಣಗಿದ ಸೋಯಾ 30 ಗ್ರಾಂ ನೆನೆಸಿದರೆ 15 ಗ್ರಾಂ ಪ್ರೋಟೀನ್ ಸಿಗುತ್ತದೆ, ಸಸ್ಯಾಹಾರಿಗಳಿಗೆ ಇಷ್ಟು ಅಗ್ಗದಲ್ಲಿ ಬೇರೆ ಇಲ್ಲ. ಅವರಿಗೆ ಅದರ ವಾಸನೆ ಆಗುವುದಿಲ್ಲ, ವಾರಕ್ಕೆ ಎರಡೇ ದಿನ ತಿನ್ನುತ್ತಾರೆ. ಹನ್ನೊಂದರ ಮಜ್ಜಿಗೆಗೆ ಪ್ರೋಟೀನ್ ಪುಡಿ ಸೇರಿತು. ರಾತ್ರಿ ಗಂಜಿ ಹೋಗಿ ದಪ್ಪ ಹುರುಳಿ ಪಲ್ಯ ಬಂತು. ಎಲ್ಲಾ ಸೇರಿ 65 ಗ್ರಾಂ.

ಮಾತ್ರೆಗಳನ್ನು ಬಿಡಿಸಿ ಹಂಚಿದೆವು. ಥೈರಾಯ್ಡ್ ಮುಂಜಾನೆ ಐದೂವರೆಗೆ ಬರೀ ನೀರಿನಲ್ಲಿ, ಕಾಫಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿ. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಇಂಥ ಹೊಟ್ಟೆಗೆ ಒಳ್ಳೆಯದು, ಇವರು ತರುತ್ತಿದ್ದದ್ದು ಕಾರ್ಬೊನೇಟ್. ಡಾಕ್ಟರನ್ನು ಕೇಳಿ ಬದಲಿಸಿದೆವು. ಫೆರಿಟಿನ್ ನೋಡಿ ಡಾಕ್ಟರು ಕಬ್ಬಿಣವನ್ನು ಡ್ರಿಪ್‌ನಲ್ಲೇ ಕೊಟ್ಟರು.

ಇನ್ನೊಂದು ಗೋಜಲು ಅವರ ಯಜಮಾನರದು. "ಆಪರೇಷನ್ ಆದವಳು, ಭಾರ ಎತ್ತಬಾರದು" ಅಂತ ಹತ್ತು ತಿಂಗಳಿನಿಂದ ಕೊಡಪಾನ ಮುಟ್ಟಲು ಬಿಟ್ಟಿರಲಿಲ್ಲ. ಆ ಎಚ್ಚರಿಕೆ ಮೊದಲ ಕೆಲವು ವಾರಕ್ಕೆ ಮಾತ್ರ. ಎತ್ತಬಾರದು ಅಂತ ಹೇಳಿದವರು, ಇನ್ನು ಎತ್ತಬಹುದು ಅಂತ ಹೇಳಲೇ ಇಲ್ಲ! ಅವರನ್ನೂ ಕೂರಿಸಿಕೊಂಡು ಮಾತಾಡಿದೆ. ಸುಲಿದ ಅಡಿಕೆ ಬುಟ್ಟಿ ತುಂಬಿದಾಗೆಲ್ಲ ಅಕ್ಕನೇ ಎದ್ದು ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಒಯ್ಯಬೇಕು. ಮೊದಲು ಕಾಲು ಬುಟ್ಟಿ, ರಕ್ತ ಏರಿದ ಮೇಲೆ ಅರ್ಧ. ಬೆಳಿಗ್ಗೆ ಜಗಲಿಯ ಬೆಂಚಿನಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ನಮ್ಮ ಕಡೆ ವಾಕಿಂಗ್ ಹೇಳಿ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟರೆ ಉಂಬಳ.

ಮೂರು ವಾರ ಏನೂ ಆಗಲಿಲ್ಲ. 81.4, 81.5, 81.1. ಆ ಮೂರು ವಾರ ನನಗೂ ನಿದ್ದೆ ಸರಿ ಬರಲಿಲ್ಲ ಅಂದರೆ ನಂಬಿ. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಮಾರ್ಚ್ ಕೊನೆಗೆ 79. ಟಿಎಸ್‌ಎಚ್ 3.8, ಮಾತ್ರೆಯ ಡೋಸ್ ಬದಲಿಸದೆ. ಹಿಮೋಗ್ಲೋಬಿನ್ 11.9. ಜೂನ್‌ಗೆ ತೂಕ 77.

ಏಪ್ರಿಲ್‌ನಲ್ಲಿ ಮಗ ಜೊತೆಗೆ ಬಂದಿದ್ದ. ಹಸಿವು ಕಮ್ಮಿ ಮಾಡಿ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ಮಾರ್ಚ್‌ನಲ್ಲಷ್ಟೇ ಭಾರತದ ಮಾರುಕಟ್ಟೆಗೆ ಬಂದಿತ್ತು, ಅಮ್ಮನಿಗೆ ಕೊಡಿಸೋಣವಾ ಅಂತ ಕೇಳಿದ. ಆಪರೇಷನ್ ಆದ ಮೇಲೆ ತೂಕ ನಿಂತವರಿಗೆ, ಮತ್ತೆ ಏರಿದವರಿಗೆ ಡಾಕ್ಟರುಗಳು ಇಂಥ ಇಂಜೆಕ್ಷನ್ ಕೊಡುವುದುಂಟು. ಕೆಲವರಿಗೆ ಅದು ಬೇಕೇ ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಜನವರಿಯಲ್ಲೇ ಕೊಟ್ಟಿದ್ದರೆ 34 ಗ್ರಾಂ ಪ್ರೋಟೀನ್ 20ಕ್ಕೆ ಇಳಿಯುತ್ತಿತ್ತು, ಕಾಟಾ ಇಳಿದದ್ದು ನೋಡಿ ಎಲ್ಲರೂ ಖುಷಿಪಡುತ್ತಿದ್ದರು. ಈಗ ಬೇಕಾ ಅಂತ ಡಾಕ್ಟರನ್ನೇ ಕೇಳಿ ಅಂದೆ. ಅವರು ಸದ್ಯಕ್ಕೆ ಬೇಡ ಅಂದರು.

ಕೊನೆಯದಾಗಿ, ಗುರಿ ಅಂತ ಪುಸ್ತಕದಲ್ಲಿ ಬರೆದಿದ್ದ ಆ 60ರ ವಿಷಯ. ಅದನ್ನು ಅಕ್ಕನಿಗೆ ಕೊಟ್ಟದ್ದು ಮಗನ ಮೊಬೈಲಿನ ಆ್ಯಪ್. ಸ್ಲೀವ್ ಆದವರು ಒಂದು ವರ್ಷದ ಹೊತ್ತಿಗೆ ಸರಾಸರಿ ತಮ್ಮ ಮೊದಲಿನ ತೂಕದ ಕಾಲು ಭಾಗದಿಂದ ಶೇಕಡಾ 30ರವರೆಗೆ ಕಳೆದುಕೊಳ್ಳುತ್ತಾರೆ. 112ರಿಂದ 81 ಅಂದರೆ ಶೇಕಡಾ 28 ಹತ್ತಿರ. ಅಂದರೆ ಎರಡನೇ ಸಲ ನಿಂತಾಗಲೇ ಆಪರೇಷನ್ ತನ್ನ ಪಾಲಿನ ಕೆಲಸ ಮುಗಿಸುತ್ತಾ ಬಂದಿತ್ತು. ಹನ್ನೆರಡರಿಂದ ಹದಿನೆಂಟು ತಿಂಗಳಿಗೆ ಹೆಚ್ಚಿನವರ ತೂಕ ತನ್ನ ಜಾಗ ಹುಡುಕಿಕೊಂಡು ನಿಲ್ಲುತ್ತದೆ, ಆ ನಿಲುಗಡೆಗೆ ಮದ್ದು ಹುಡುಕಬಾರದು. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಅಕ್ಕ ಕೇಳಿಸಿಕೊಂಡರು. "ಹೂಂ" ಅಂದರು.

2025ರ ಸೆಪ್ಟೆಂಬರ್‌ನಲ್ಲಿ 76.4. ಡಿಸೆಂಬರ್‌ನಲ್ಲಿ, ಮತ್ತೆ ಸುಲಿಯುವ ಕಾಲಕ್ಕೆ, 76.9. ಆ ಅರ್ಧ ಕೇಜಿಗೆ ನಾನೇನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಚ್‌ಬಿಎ1ಸಿ 5.6. ಸಕ್ಕರೆ ಮಾತ್ರೆ ಇಲ್ಲ. ಬಸ್‌ಸ್ಟ್ಯಾಂಡಿನಿಂದ ಎಲ್ಲೂ ಕೂರದೆ ನಡೆದು ಬಂದಿದ್ದರು, ಕೈಯಲ್ಲಿ ನನಗೆ ಅಂತ ಎರಡು ಕೇಜಿ ಕಷಾಯದ ಪುಡಿ ಬೇರೆ. ಪುಸ್ತಕದ ಆ ಪುಟದಲ್ಲಿ 60 ಹಾಗೇ ಇದೆ. ಹೊಡೆದು ಹಾಕಿಲ್ಲ. ಕೆಳಗೆ ಸಣ್ಣದಾಗಿ ಪೆನ್ಸಿಲ್‌ನಲ್ಲಿ 75 ಅಂತ ಬರೆದಿದ್ದಾರೆ.